ಹೊಂಬಾಳಮ್ಮನ ಎದೆಯೊಳಗಿನ ಪಂಪು

ಕೊತ್ತತ್ತಿಯ ಹೊಂಬಾಳಮ್ಮನ ಹೃದಯ ತೀರಾ ಸೋತುಹೋಗಿತ್ತು. ಅದಕ್ಕೆ ರಕ್ತ ಒಯ್ಯುವ ಮೂರು ರಕ್ತನಾಳಗಳೂ ಕಟ್ಟಿಕೊಂಡಿದ್ದವು. ಎದೆ ಕೊಯ್ದು ಆಪರೇಷನ್ ಮಾಡಿದರೆ ಉಳಿಯುವುದು ಕಷ್ಟ ಎಂದು ಸರ್ಜನ್‌ಗಳು ಕೈಚೆಲ್ಲಿದ್ದರು. ಮಂಡ್ಯದ ಡಾಕ್ಟರ್ ವನಜಾ ಮಾತ್ರ ಕಟ್ಟಿದ ನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಲು ಒಪ್ಪಿದರು.

"ಅಮ್ಮ, ತೊಡೆಯ ರಕ್ತನಾಳದಿಂದ ಒಂದು ಪುಟ್ಟ ಪಂಪನ್ನ ಹೃದಯದೊಳಕ್ಕೆ ಇಳಿಸ್ತೀನಿ. ನನ್ನ ಕೆಲಸ ಮುಗಿಯೋವರೆಗೂ ಅದೇ ರಕ್ತ ತಳ್ಳುತ್ತೆ."

"ನೀರಿನ ಮೋಟ್ರಿದ್ದಂಗೆ ಅನ್ನು. ಮಾಡವ್ವ, ನಂಗೇನೂ ಭಯ ಇಲ್ಲ," ಎಂದರು ಹೊಂಬಾಳಮ್ಮ.

ಸ್ಟೆಂಟಿಗೆ ದಾರಿ ಮಾಡಲು ವನಜಾ ಮುಖ್ಯ ನಾಳದಲ್ಲಿ ಪುಟ್ಟ ಬಲೂನು ಉಬ್ಬಿಸಿದರು. ಹೃದಯ ಸೋತು, ಪರದೆಯ ಮೇಲೆ ಏರಿಳಿಯುತ್ತಿದ್ದ ರಕ್ತದೊತ್ತಡದ ಗೆರೆ ಹೆಚ್ಚುಕಡಿಮೆ ಮಟ್ಟಸವಾಯಿತು. ಪಂಪು ಇಲ್ಲದಿದ್ದರೆ ಹೊಂಬಾಳಮ್ಮನಿಗೆ ಆಗಲೇ ಪ್ರಜ್ಞೆ ತಪ್ಪಿರುತ್ತಿತ್ತು. ಅದು ಮಾತ್ರ ಒಂದೇ ಸಮನೆ ರಕ್ತ ತಳ್ಳುತ್ತಲೇ ಇತ್ತು.

"ಬೆನ್ನು ನೋಯ್ತದೆ ಕಣವ್ವ, ಬ್ಯಾಗ ಮುಗ್ಸು," ಎಂದರು ತೊಡೆಗಷ್ಟೇ ಅರಿವಳಿಕೆ ಪಡೆದು ಎಚ್ಚರವಾಗಿಯೇ ಮಲಗಿದ್ದ ಹೊಂಬಾಳಮ್ಮ.

ವನಜಾಗೆ ಮಾಸ್ಕಿನೊಳಗೇ ನಗು ಬಂತು. ಸ್ಟೆಂಟ್ ಕೂರಿಸಿದರು. ಪಂಪು ಹೊರತೆಗೆದ ಮೇಲೂ ಹೃದಯ ತಾನಾಗಿಯೇ ಚೆನ್ನಾಗಿ ಬಡಿಯಿತು.

"ನಿಮ್ಮ ಹೃದಯ ನಡುವೆ ಕೈಕೊಟ್ಟಿತ್ತು, ಗೊತ್ತಾ?" ಎಂದು ಮಾರನೆಯ ದಿನ ವಾರ್ಡಿನಲ್ಲಿ ವನಜಾ ಕೇಳಿದರು.

"ಪಾಪ, ದಣ್ದಿತ್ತು ಬುಡವ್ವ," ಎಂದ ಅಜ್ಜಿ, ಡಾಕ್ಟರ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು.