ಇಬ್ಬರಿಗೊಬ್ಬ ವಕೀಲ

ನಮ್ಮ ಊರಿನ ಗಂಡಸರಿಗೆ ಮೀನು ಆರಿಸಲು ಬರುತ್ತದೆ. ಕಿವಿರು ಎತ್ತಿ ನೋಡುತ್ತಾರೆ, ಬೆರಳಿನಿಂದ ಒತ್ತಿ ನೋಡುತ್ತಾರೆ, ಮಾರುವವನು ಹೇಳಿದ ಬೆಲೆ ಕೇಳಿ ನಗುತ್ತಾರೆ. ವಕೀಲರನ್ನು ಆರಿಸುವಾಗ ಮಾತ್ರ ಈ ಬುದ್ಧಿಯೆಲ್ಲ ಎಲ್ಲಿಗೋ ಹೋಗಿರುತ್ತದೆ. ನನ್ನ ಗಂಡ ಸೇಸಪ್ಪ ಇಲ್ಲಿ ಗಲ್ಫಿನ ಮತ್ರಾ ಮಾರುಕಟ್ಟೆಯಲ್ಲಿ ಒಂದು ಅಂಜಲ್ ಮೀನಿಗೆ ಅರ್ಧ ಗಂಟೆ ತೆಗೆದುಕೊಳ್ಳುವ ಮನುಷ್ಯ. ನಮ್ಮ ಜೀವಮಾನದ ಜಾಗಕ್ಕೆ ವಕೀಲರನ್ನು ಅವರು ಒಂದು ಲೋಟ ಚಾ ಮುಗಿಯುವುದರೊಳಗೆ ಗೊತ್ತು ಮಾಡಿದರು.

ಅದು ಎಂಬತ್ತೆಂಟನೇ ಇಸವಿ. ವಾದಿ ಅದಾಯ್ ಎಂಬ ಬಡಾವಣೆಯಲ್ಲಿ ಇವರು ಸ್ಟೋರ್‌ಕೀಪರ್ ಆಗಿದ್ದ ಕಂಪನಿ ಜನ ಕಡಿಮೆ ಮಾಡುತ್ತಿತ್ತು. ಮೇ ತಿಂಗಳಿಗೆ ವೀಸಾ ಕ್ಯಾನ್ಸಲ್, ಖಲಾಸ್ ಎಂದು ವೀಸಾ ಕೊಟ್ಟ ಅರಬಿ ಧಣಿ, ಕಫೀಲ್, ಹೇಳಿಯಾಗಿತ್ತು. ಊರಿಗೆ ಹೋದರೆ ಇಳಿಯುವುದೆಲ್ಲಿ? ಮಂಗಳೂರಿನಲ್ಲಿ ಭಾವನ ಮನೆ, ಅಂದರೆ ನನ್ನ ಓರಗಿತ್ತಿಯ ಅಡುಗೆಮನೆ. ಮದುವೆಯಾದ ಮೊದಲ ಮೂರು ವರ್ಷ ಅಲ್ಲಿ ಉಪ್ಪಿನ ಭರಣಿ ಮುಟ್ಟಲಿಕ್ಕೂ ಅಪ್ಪಣೆ ಕೇಳಿದವಳು ನಾನು. ಮತ್ತೆ ಆ ಹೊಸಿಲು ತುಳಿಯಬಾರದು, ನನ್ನದೇ ಒಂದು ಬಾಗಿಲು ಬೇಕು. ಒಂಬತ್ತು ವರ್ಷ ಈ ಬಿಸಿಲಿನಲ್ಲಿ ನನಗಿದ್ದ ಆಸೆ ಅದೊಂದೇ.

ನಮ್ಮ ಮೇಲಿನ ಮಹಡಿಯಲ್ಲಿದ್ದ ಕೊಗ್ಗಣ್ಣನಿಗೆ ಮಂಗಳೂರಿನ ಬೋಂದೆಲ್‌ನಲ್ಲಿ ರಸ್ತೆಗೆ ತಾಗಿದ ಹತ್ತು ಸೆಂಟ್ಸ್ ಜಾಗವಿತ್ತು. ಅವನೂ ಇವರದೇ ಕಂಪನಿ, ಒಂದೇ ಪಿಕಪ್‌ನಲ್ಲಿ ಹೋಗಿಬರುವವರು. ಅವನಿಗೆ ಸದ್ಯ ಊರಿಗೆ ಹೋಗುವ ಅಂದಾಜಿರಲಿಲ್ಲ, ಮಾರಲು ಒಪ್ಪಿದ. ವ್ಯಾಪಾರ ಮೆಟ್ಟಿಲಲ್ಲೇ ಮುಗಿಯಿತು. ಉಳಿದದ್ದು ಕಾಗದಪತ್ರದ ಕೆಲಸ.

ನಾನು ಕೆಲಸಕ್ಕಿದ್ದ ಕ್ಲಿನಿಕ್ಕಿನ ನರ್ಸ್ ಲಿಲ್ಲಿ ತನ್ನ ಜಾಗ ಮಾಡಿಸಿದ್ದು ಬೊನಿಫಾಸ್ ಎಂಬ ವಕೀಲರ ಕೈಯಲ್ಲಿ. ಅವರಿಗೆ ನಾನೇ ಕಾಗದ ಬರೆದೆ. ಎರಡು ಪುಟದ ಉತ್ತರ ಬಂತು. ಮೂವತ್ತು ವರ್ಷದ ಹಳೆಯ ಪತ್ರಗಳು ಬೇಕು, ಅಣ್ಣತಮ್ಮಂದಿರ ಪಾಲುಪಟ್ಟಿ ಬೇಕು, ತಾವೇ ಸ್ವತಃ ಹೋಗಿ ಜಾಗ ನೋಡಬೇಕು ಎಂದು ಬರೆದಿದ್ದರು. ಕೊನೆಗೊಂದು ಸಾಲು: ಮಾರುವವರು ಬೇರೆ ವಕೀಲರನ್ನು ಇಟ್ಟುಕೊಳ್ಳಲಿ, ನಾನು ನಿಮ್ಮ ಪರ ಮಾತ್ರ.

ಇವರು ಅದನ್ನು ಕೊಗ್ಗಣ್ಣನಿಗೆ ಓದಿ ಹೇಳಿದರು. ಇಬ್ಬರ ಮುಖವೂ ಕೆಂಪಾಯಿತು.

"ಎಂತ ಮಾರಾಯ, ನಾವೇನು ಕೋರ್ಟಿಗೆ ಹೋಗುವವರಾ?" ಎಂದ ಕೊಗ್ಗಣ್ಣ. "ನಮ್ಮ ನಮ್ಮೊಳಗೆ ಇಬ್ರು ವಕೀಲರು ಯಾಕೆ?"

"ಸುಮ್ಮನೆ ಕೊಕ್ಕೆ ಹಾಕುವ ಜನ," ಎಂದರು ಇವರು. "ನಮ್ಮ ರಾಜಗೋಪಾಲ ವಕೀಲರು ಇಲ್ವಾ? ಇಬ್ಬರಿಗೂ ಅವರೊಬ್ರೇ ಸಾಕು."

ರಾಜಗೋಪಾಲ ವಕೀಲರ ಅರ್ಹತೆ ಏನೆಂದರೆ, ಹಿಂದಿನ ವರ್ಷ ಇಲ್ಲಿ ರೂವಿಯಲ್ಲಿ ನಡೆದ ನಮ್ಮ ಊರವರ ಸಂಘದ ವಾರ್ಷಿಕೋತ್ಸವಕ್ಕೆ ಮಂಗಳೂರಿನಿಂದ ಮುಖ್ಯ ಅತಿಥಿಯಾಗಿ ಬಂದಿದ್ದರು. ಇವರೂ ಕೊಗ್ಗಣ್ಣನೂ ಸೇರಿಯೇ ಶಾಲು ಹೊದೆಸಿದ್ದರು. ಶಾಲು ಹೊದೆಸಿದ ಮೇಲೆ ಮೂಲಪತ್ರ ನೋಡಿದಿರಾ ಎಂದು ಕೇಳುವುದು ಮರ್ಯಾದೆಯಲ್ಲವಂತೆ. ನಾನು ಕೇಳಿದ್ದಕ್ಕೆ "ದೊಡ್ಡವರ ಹತ್ರ ಹಾಗೆಲ್ಲ ಮಾತಾಡ್ಲಿಕ್ಕಿಲ್ಲ" ಎಂದರು. ಬೊನಿಫಾಸ್ ಅವರಿಗೆ ನಾನೇ ಕ್ಷಮೆ ಕೇಳಿ ಬರೆದೆ.

ಹದಿನೈದು ದಿನ ಕಳೆದು ಇವರು ಸಂಜೆ ಮನೆಗೆ ಬಂದವರು ಸೀದಾ ಒಳಕೋಣೆಗೆ ಹೋದರು. ಕಂಪನಿಯ ಪೋಸ್ಟ್ ಬಾಕ್ಸಿಗೆ ರಾಜಗೋಪಾಲ ವಕೀಲರ ಕಾಗದ ಬಂದಿತ್ತಂತೆ. ಏನು ಬರೆದಿದ್ದಾರೆ ಎಂದರೆ "ಗೋಪ್ಯ" ಎಂದು ಕಿಸೆ ಮುಚ್ಚಿಕೊಂಡರು. ಮರುದಿನದಿಂದ ಪಿಕಪ್‌ನಲ್ಲಿ ಇವರು ಮುಂದೆ, ಕೊಗ್ಗಣ್ಣ ಹಿಂದೆ. ಮೇಲಿನ ಮನೆಯಿಂದ ಬರುತ್ತಿದ್ದ ಮೀನು ಸಾರಿನ ಪಾತ್ರೆಯೂ ನಿಂತಿತು. ಕೊಗ್ಗಣ್ಣನ ಹೆಂಡತಿ ಸುಂದರಕ್ಕನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಗಂಡ ಬೇಡ ಎಂದಿದ್ದನಂತೆ.

ಏಪ್ರಿಲ್‌ನಲ್ಲಿ ಎಂಬೆಸಿಗೆ ಹೋಗಿ ಸಹಿ ಹಾಕುವ ದಿನ ಬಂತು. ಕೊಗ್ಗಣ್ಣ ಮಾರಾಟದ ಅಧಿಕಾರವನ್ನು ವಕೀಲರಿಗೆ ಕೊಡುವ ಮುಖ್ತಿಯಾರು ಪತ್ರ, ಇವರದ್ದೊಂದು ಒಪ್ಪಿಗೆ ಪತ್ರ. ಟ್ಯಾಕ್ಸಿಗೆ ಎರಡೆರಡು ಖರ್ಚು ಯಾಕೆಂದು ಇಬ್ಬರೂ ಒಂದರಲ್ಲೇ ಹೋದರು. ಒಂದೇ ಸೀಟಿನಲ್ಲಿ ಕೂತು, ಒಂದೇ ಸಾಲಿನಲ್ಲಿ ನಿಂತು, ಪರೀಕ್ಷೆ ಬರೆಯುವ ಮಕ್ಕಳ ಹಾಗೆ ಕಾಗದಕ್ಕೆ ಕೈ ಅಡ್ಡ ಹಿಡಿದು ಸಹಿ ಹಾಕಿದರಂತೆ. ಇದನ್ನು ಇವರೇ ಬಂದು ಹೆಮ್ಮೆಯಿಂದ ಹೇಳಿದರು.

ಮೇ ಮೊದಲ ವಾರ ನೋಂದಣಿಯಾದ ಪತ್ರದ ನಕಲು ಬಂತು. ನಾನು ಕೈಕಾಲು ತೊಳೆದು, ದೇವರ ಪಟದ ಮುಂದೆ ಇಟ್ಟು, ಆಮೇಲೆ ಓದಲು ಕೂತೆ. ನಾಲ್ಕು ಗಡಿ ಬರೆದಿದ್ದರು. ಪಶ್ಚಿಮಕ್ಕೆ ಬೇರೆಯವರ ಹಿತ್ತಿಲು, ಉತ್ತರಕ್ಕೆ ನೀರು ಹರಿಯುವ ತೋಡು, ದಕ್ಷಿಣಕ್ಕೆ ಕ್ರೈಸ್ತರ ಇಗರ್ಜಿಯ ಗೋಡೆ. ರಸ್ತೆ ಇರಬೇಕಾದ ಪೂರ್ವಕ್ಕೆ, ರಾಜಗೋಪಾಲರ ಪತ್ನಿ ವಾರಿಜಾಕ್ಷಿಯವರ ಸ್ಥಳ.

ಮೂರು ಸಲ ಓದಿದೆ. ರಸ್ತೆಯಿಂದ ನಮ್ಮ ಜಾಗಕ್ಕೆ ಕಾಲಿಡಲು ದಾರಿಯೇ ಇರಲಿಲ್ಲ. ಮತ್ತೆ ಪತ್ರ ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ. ಸುಂದರಕ್ಕ ಗಡಿ ಓದಿದವಳು ಸೀದಾ ಹೋಗಿ ಗಂಡನ ಪೆಟ್ಟಿಗೆಯಿಂದ ಒಂದು ಕಾಗದ ತಂದಳು. ನಾನೂ ಕೆಳಗಿಳಿದು ಇವರ ಕೋಟಿನ ಒಳಕಿಸೆಯಿಂದ ನಮ್ಮದನ್ನು ತಂದೆ. ಎರಡೂ ಟೈಪ್ ಮಾಡಿದ್ದು. ನಮ್ಮದು ಮೂಲ, ಅವರದ್ದು ಕಾರ್ಬನ್ ಪ್ರತಿ. ಮೇಲಿನ ಹೆಸರು ಮಾತ್ರ ಶಾಯಿಯಲ್ಲಿ ಬರೆದಿತ್ತು, ಒಳಗಿನ ಮಾತು ಎರಡರಲ್ಲೂ ಒಂದೇ.

"ನಾನು ಹೊರಗಿನಿಂದ ಇಬ್ಬರಿಗೂ ವಕೀಲ, ಒಳಗಿನಿಂದ ನಿಮ್ಮವನು. ಎದುರು ಪಾರ್ಟಿ ರಸ್ತೆ ಬದಿಯ ಎಂಟಡಿಯ ಮೇಲೆ ಕಣ್ಣಿಟ್ಟಿದ್ದಾರೆ. ಬಾಯಿಬಿಟ್ಟರೆ ಕೆಲಸ ಕೆಡುತ್ತದೆ. ಆ ಎಂಟಡಿಯನ್ನು ಸದ್ಯ ಮೂರನೆಯ ವ್ಯಕ್ತಿಯ ಹೆಸರಿಗೆ ಮಾಡಿದರೆ ಅದು ಅವರ ಪಾಲಾಗುವುದಿಲ್ಲ."

ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಸಂಜೆ ಇಬ್ಬರು ಗಂಡಸರನ್ನೂ ನಮ್ಮ ಮನೆಯಲ್ಲಿ ಎದುರುಬದುರು ಕೂರಿಸಿ ಎರಡು ಕಾಗದವನ್ನೂ ಮುಂದಿಟ್ಟೆವು.

"ಎಂಟಡಿ ಬೇಕು ಅಂತ ನೀವು ಕೇಳಿದ್ರಾ ಕೊಗ್ಗಣ್ಣ?" ಎಂದೆ.

"ದೇವರಾಣೆಗೂ ಇಲ್ಲ ಹರಿಣಾಕ್ಷಿ. ಮಾರಿದ ಜಾಗ ನನಗೆಂತಕ್ಕೆ?"

"ನೀವು ಕೇಳಿದ್ರಾ?" ಎಂದು ಸುಂದರಕ್ಕ ಇವರನ್ನು ಕೇಳಿದಳು.

"ನಾನು ತೆಗೊಂಡದ್ರಲ್ಲೇ ಉಂಟಲ್ಲ ಅದು. ಬೇರೆ ಯಾಕೆ ಕೇಳ್ಬೇಕು?"

"ಹಾಗಾದ್ರೆ ಎರಡು ತಿಂಗಳು ಒಂದೇ ಪಿಕಪ್‌ನಲ್ಲಿ ಹೋದವರಿಗೆ ಒಂದು ಮಾತು ಕೇಳ್ಲಿಕ್ಕೆ ಬಾಯಿ ಇರ್ಲಿಲ್ವಾ?" ಎಂದೆ.

ಇಬ್ಬರೂ ಕಾಗದಗಳನ್ನು ಅದಲುಬದಲು ಮಾಡಿಕೊಂಡು ತಲೆತಗ್ಗಿಸಿ ಓದಿದರು. ಇಬ್ಬರಿಗೂ ನಾಚಿಕೆಯಾಯಿತು, ಇನ್ನಾದರೂ ಬುದ್ಧಿ ಬಂತು ಎಂದುಕೊಂಡೆ. ನನ್ನ ಲೆಕ್ಕ ತಪ್ಪಿತ್ತು. ಓದಿ ಮುಗಿಸಿದ್ದೇ ಇವರು ತಲೆಯೆತ್ತಿ, "ಏನೇ ಹೇಳು ಕೊಗ್ಗ, ವಕೀಲರದ್ದು ಭಾರೀ ತಲೆ," ಎಂದರು.

"ಹೌದು ಮಾರಾಯ," ಎಂದ ಕೊಗ್ಗಣ್ಣ. "ಅಂಥವ್ರು ನಮ್ಮ ಕಡೆ ಇರ್ಬೇಕು. ಈಗ ದಾರಿ ಬಿಡಿಸ್ಲಿಕ್ಕೂ ಅವ್ರೇ ಆಗ್ಬೇಕು. ಕಟ್ಟಿದವ್ರಿಗೇ ಗಂಟು ಗೊತ್ತಿರುದು."

ಅಲ್ಲೇ ಕೂತು ಇಬ್ಬರೂ ಸೇರಿ ರಾಜಗೋಪಾಲರಿಗೆ ಕಾಗದ ಬರೆದರು, "ಪೂಜ್ಯರೇ" ಎಂದು ಶುರುಮಾಡಿ. ಕಾಗದ ಮುಗಿಯುವಷ್ಟರಲ್ಲಿ ದೋಸ್ತಿ ಮೊದಲಿನ ಹಾಗೆ ಆಗಿತ್ತು. ಮರುದಿನ ಪಿಕಪ್‌ನಲ್ಲಿ ಇಬ್ಬರೂ ಹಿಂದೆ ಕೂತು ಹೋದರು. ಉತ್ತರವೂ ಬೇಗ ಬಂತು. ಶ್ರೀಮತಿಯವರನ್ನು ಕೇಳಿ ನೋಡುತ್ತೇನೆ, ಹೆಂಗಸರ ವಿಷಯ, ಸಮಯ ಹಿಡಿಯುತ್ತದೆ, ಅಲ್ಲಿಯವರೆಗೆ ಜಾಗದೊಳಗೆ ಕಲ್ಲು, ಮರಳು ಇಳಿಸಬೇಡಿ ಎಂದಿತ್ತು. ಹಳೆಯ ಕಕ್ಷಿದಾರರಾದ್ದರಿಂದ ದಾರಿಯ ಪತ್ರಕ್ಕೆ ಅರ್ಧ ಫೀಸಂತೆ. ಇವರು ಆ ಸಾಲನ್ನು ನನಗೆ ಎರಡು ಸಲ ಓದಿ ಹೇಳಿದರು.

ಮೇ ಇಪ್ಪತ್ತಕ್ಕೆ ಕಾರ್ಗೋದವರು ಬರುವವರಿದ್ದರು. ಹೊಸ ಮನೆಗೆಂದು ರೂವಿಯಲ್ಲಿ ಒಂದೊಂದಾಗಿ ಕೊಂಡಿದ್ದ ಪಾತ್ರೆ, ಮಿಕ್ಸಿ, ಒಮ್ಮೆಯೂ ಒಲೆಗಿಡದ ಇಡ್ಲಿ ಬೇಯಿಸುವ ಅಟ್ಟ, ಎಲ್ಲವನ್ನೂ ಹಳೆ ಸೀರೆಯಲ್ಲಿ ಸುತ್ತಿ ಕಾರ್ಟನ್‌ಗೆ ತುಂಬಿದೆ. ಇವರು ಹಗ್ಗ ಬಿಗಿದು, ಮಾರ್ಕರ್ ಪೆನ್ನು ನನ್ನ ಕೈಗೆ ಕೊಟ್ಟರು.

"ವಿಳಾಸ ದೊಡ್ಡದಾಗಿ ಬರಿ. ಮುಂಬಯಿಯಲ್ಲಿ ಇಳಿಸುವವ್ರಿಗೆ ಕಾಣ್ಬೇಕು."

ಬರೆದೆ. ಭಾವನ ಹೆಸರು, ಭಾವನ ಮನೆ. ಓರಗಿತ್ತಿಗೆ ಅಡುಗೆಮನೆಯಲ್ಲಿ ಕೂತಲ್ಲಿಂದಲೇ ಕಾಣುವಷ್ಟು ದೊಡ್ಡದಾಗಿ ಬರೆದೆ.