ಹೊಗೆ ಕಂಡರೆ ಬರಬೇಡಿ

ಶಿವಲಿಂಗಮ್ಮ ಮನೆಮನೆಗೂ ಹೋಗಿ, ತನ್ನ ಮಗನಿಗೆ ಇನ್ನು ಯಾರೂ ಅನ್ನ ಹಾಕಬಾರದು ಎಂದು ಕೈಮುಗಿದು ಬಂದ ದಿನ, ಹುಣಸೇದೊಡ್ಡಿಯಲ್ಲಿ ಆಕೆಗೆ ಬುದ್ಧಿ ಕೆಟ್ಟಿದೆ ಎಂದುಕೊಳ್ಳದವರು ಇರಲಿಲ್ಲ. ಹಾಕಿ ಎಂದು ಬೇಡುವವರನ್ನು ಊರು ಎಷ್ಟೋ ಕಂಡಿತ್ತು. ಹಾಕಬೇಡಿ ಎಂದು ಬೇಡುವವಳನ್ನು ಕಂಡದ್ದು ಇದೇ ಮೊದಲು. ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಪಕ್ಕದ ಮನೆಯ ಚಿಕ್ಕತಾಯಮ್ಮನಿಗೆ. ಬರದೆ ಇರುತ್ತದೆಯೇ? ಆ ಮಗ ದೀಪು ಬೆಳೆದು ಆಳೆತ್ತರವಾಗಿದ್ದರೆ ಅದರಲ್ಲಿ ಅರ್ಧ ಆಕೆಯ ಮನೆಯ ಅನ್ನ.

“ಏನೇ ಲಿಂಗಮ್ಮ, ನಾನೇನು ಅವನಿಗೆ ಇಸ ಇಕ್ಕಿದ್ನಾ?”

“ಇಸ ಅಲ್ಲ ಕಣ್ ತಾಯಕ್ಕ, ಅನ್ನನೇ. ಅದುಕ್ಕೇ ಬ್ಯಾಡ ಅಂತಿರೋದು.”

ದೀಪುವಿಗೆ ಆಗ ಇಪ್ಪತ್ತೆರಡು. ಎರಡು ಹೊರೆ ಸೊಪ್ಪನ್ನು ಒಟ್ಟಿಗೆ ಎತ್ತುವ ತೋಳು, ಆದರೆ ಬುದ್ಧಿ ಐದಾರು ವರ್ಷದ ಕೂಸಿನದು. ಅಪ್ಪ ಯಾವತ್ತೋ ಹೋಗಿದ್ದ. ಬೆಳಿಗ್ಗೆ ಎದ್ದು ತಟ್ಟೆ ಹಿಡಿದು ಹೊರಟರೆ ಒಂದು ಮನೆಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಹಿಟ್ಟಿನ ಮುದ್ದೆ, ಚಿಕ್ಕತಾಯಮ್ಮನ ಮನೆಯಲ್ಲಿ ಅನ್ನ ಮೊಸರು. ಯಾರೂ ಭಿಕ್ಷೆ ಎಂದುಕೊಳ್ಳುತ್ತಿರಲಿಲ್ಲ. ರೇಷ್ಮೆ ಸಾಕುವ ಊರು. ಹುಳ ಹಣ್ಣಾಗಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಯಾರ ಮನೆಯಲ್ಲೇ ಆಗಲಿ, ಪಾಯಸದ ಮೊದಲ ತುತ್ತು ದೀಪುವಿಗೆ. ಅವನು ತಿಂದು ನಕ್ಕರೆ ಗೂಡು ಗಟ್ಟಿ ಎಂಬ ನಂಬಿಕೆ. ಒಂದು ಸಲ ಚಿಕ್ಕತಾಯಮ್ಮನ ಗಂಡ ಕೃಷ್ಣಪ್ಪ ಅವಸರಕ್ಕೆ ಅವನನ್ನು ಮರೆತ, ಹುಳಕ್ಕೆ ರೋಗ ಬಿದ್ದು ಬೆಳೆಯೆಲ್ಲ ಗುಂಡಿಗೆ ಹೋಯಿತು. ಅಲ್ಲಿಂದ ಮೇಲೆ ಮರೆಯುವ ಗಂಡಸು ಊರಲ್ಲಿ ಹುಟ್ಟಲಿಲ್ಲ.

ಆದರೆ ಹುಳ ಸಾಕುವವರೇ ಕಡಿಮೆಯಾಗುತ್ತಾ ಬಂದರು. ಹಾರೋಹಳ್ಳಿ ಕಡೆಯಿಂದ ಮೊದಲು ಜೆಸಿಬಿ ಬಂತು, ಆಮೇಲೆ ಕಾಂಪೌಂಡು, ಕಾಂಪೌಂಡಿನ ಹಿಂದೆ ಫ್ಯಾಕ್ಟರಿ, ಫ್ಯಾಕ್ಟರಿಯ ಹಿಂದೆ ವ್ಯಾನು. ಹಿಪ್ಪುನೇರಳೆ ತೋಟ ಕೊಟ್ಟ ಮನೆಯ ಹೆಣ್ಣುಮಕ್ಕಳು ಬೆಳಕು ಹರಿಯುವಷ್ಟರಲ್ಲಿ ಗಾರ್ಮೆಂಟ್ಸ್ ವ್ಯಾನು ಹತ್ತಿ ಹೋದರೆ ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ಚಿಕ್ಕತಾಯಮ್ಮನ ಸೊಸೆ ಲತಾಮಣಿಯೂ ಅದೇ ವ್ಯಾನಿನಲ್ಲಿ. ಮನೆಮನೆಗೆ ಗ್ಯಾಸು ಬಂತು. ಬೀಗದ ಅಂಗಡಿಯವನಿಗೆ ಯಾವತ್ತೂ ಇಲ್ಲದ ವ್ಯಾಪಾರ. ಒಲೆ ಉಳಿದದ್ದು ಶಿವಲಿಂಗಮ್ಮನ ಮನೆಯಲ್ಲಿ ಒಂದೇ. ದೀಪು ಗ್ಯಾಸಿನ ಗುಂಡಿ ತಿರುಗಿಸಿ ಮರೆತು ಕೂತರೆ ಏನು ಗತಿ ಎಂಬ ಭಯ ಆಕೆಗೆ.

“ಇವತ್ತು ನೀನ್ ಇದೀಯ, ಇಕ್ತೀಯ,” ಅಂದಳು ಶಿವಲಿಂಗಮ್ಮ, ಎದೆ ಒತ್ತಿಕೊಂಡು ಜಗುಲಿಯ ಮೇಲೆ ಕೂರುತ್ತಾ. ಕನಕಪುರದ ಡಾಕ್ಟರು ಎದೆಯಲ್ಲಿ ಬಲ ಇಲ್ಲ ಅಂದುಬಿಟ್ಟಿದ್ದರು. “ನಾಳೆ ನಿಮ್ಮ ಮನೇಗೂ ಬೀಗ. ನಾನ್ ಸತ್ರೆ ಇವ್ನು ತಟ್ಟೆ ಹಿಡ್ಕಂಡು ಬೀಗದ ಮುಂದೆ ನಿಂತ್ಕತಾನೆ ತಾಯಕ್ಕ.”

“ಬಿಡ್ತು ಅನ್ನು!”

“ಬಿಡ್ತು ಅಂದ್ಬುಟ್ರೆ ಸಾವು ಬುಟ್ಟೋಯ್ತದಾ? ಅವನ ಹಿಟ್ಟು ಅವ್ನೇ ತೊಳಸ್ಕಬೇಕು. ಅದೊಂದು ಕಣ್ಣಾರೆ ಕಂಡ್ರೆ ನಾನು ನಿಮ್ಮದಿಯಾಗಿ ಕಣ್ ಮುಚ್ತೀನಿ.”

ಚಿಕ್ಕತಾಯಮ್ಮನ ಸಿಟ್ಟು ಇಳಿದು ಆ ಜಾಗದಲ್ಲಿ ಸಂಕಟ ಬಂದು ಕೂತಿತು. ಹೇಳಿದ್ದರಲ್ಲಿ ಸುಳ್ಳೇನಿತ್ತು?

ಆ ಭಾನುವಾರ ಕೃಷ್ಣಪ್ಪನ ಜಗುಲಿಯಲ್ಲಿ ನಾಲ್ಕು ಜನ ಕೂತು ಮಾತಾಡಿದರು. ದೀಪುವಿಗೆ ಯಾರೂ ಉಣ್ಣಲು ಇಕ್ಕಬಾರದು, ಕೆಲಸ ಕೊಡಬೇಕು. ಸೊಪ್ಪು ಕೊಯ್ದರೆ ಕೃಷ್ಣಪ್ಪ ಕೂಲಿ ಕೊಡಬೇಕು. ಆ ಕೂಲಿಯಲ್ಲಿ ಅವನೇ ಅಂಗಡಿಗೆ ಹೋಗಿ ಉಪ್ಪು, ಬೇಳೆ ತರಬೇಕು, ಅಂಗಡಿಯ ಬೈರಪ್ಪ ಅವನಿಗೆ ಮೋಸ ಮಾಡಬಾರದು. “ನಾನ್ಯಾವಾಗ್ಲಾ ಮೋಸ ಮಾಡಿದ್ದು?” ಎಂದು ಬೈರಪ್ಪ ಎಗರಾಡಿದ. ಕೊನೆಗೆ ಶಿವಲಿಂಗಮ್ಮ ಒಂದು ಮಾತು ತೆಗೆದುಕೊಂಡಳು.

“ಬೆಳಿಗ್ಗೆ ನಮ್ಮನೆ ಎಂಚಿನ ಮ್ಯಾಲೆ ಹೊಗೆ ಕಂಡ್ರೆ ದೀಪು ಒಲೆ ಹಚ್ಚವ್ನೆ ಅಂತ. ಆಗ ಯಾರೂ ಬರ್ಬ್ಯಾಡಿ. ಹೊಗೆ ಕಾಣ್ನಿಲ್ವಾ, ಓಡಿ ಬನ್ನಿ.”

ಇದಕ್ಕೆ ಎಲ್ಲರೂ ತಲೆಯಾಡಿಸಿದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಹೊಗೆ ಎದ್ದ ಮನೆಯಲ್ಲಿ ಎಲ್ಲ ಸುಖ ಎಂದೇ ಆ ಸೀಮೆಯ ಲೆಕ್ಕ.

ಮಾತು ಕೊಡುವುದು ಸುಲಭ, ನಡೆಸುವುದು ಎಷ್ಟು ಕಷ್ಟ ಎಂದು ಚಿಕ್ಕತಾಯಮ್ಮನಿಗೆ ಗೊತ್ತು. ಮಾರನೆಯ ದಿನವೇ ದೀಪು ತಟ್ಟೆ ಹಿಡಿದು ಬಾಗಿಲಿಗೆ ಬಂದ. “ದೊಡ್ಡವ್ವ, ಹೊಟ್ಟೆ ಹಸೀತೈತೆ.” ಆಕೆ ಬಾಗಿಲು ಹಾಕಿದಳು. ಅವನು ಹೋಗಲಿಲ್ಲ. ಬೆರಳಿನಿಂದ ತಟ್ಟೆ ಬಡಿಯುತ್ತಾ ಹೊಸಿಲ ಆಚೆ ನಿಂತೇ ಇದ್ದ, ಇದೂ ಒಂದು ಆಟವಿರಬೇಕು ಎನ್ನುವ ಹಾಗೆ. ಈಚೆ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ತಟ್ಟೆಯ ಸದ್ದು ನಿಂತ ಮೇಲೆ ಕಿಟಕಿಯಿಂದ ನೋಡಿದರೆ, ಅವನು ತಲೆ ತಗ್ಗಿಸಿಕೊಂಡು ಮನೆಯತ್ತ ಹೋಗುತ್ತಿದ್ದ. ಆವತ್ತು ಆಕೆಗೂ ಅನ್ನ ಇಳಿಯಲಿಲ್ಲ.

ಕಲಿತ. ಕಲಿಯುವುದಕ್ಕೆ ಮಳೆಗಾಲ ಪೂರ್ತಿ ಬೇಕಾಯಿತು. ಮೊದಮೊದಲು ಎಸರು ಉಕ್ಕಿ ಒಲೆ ಆರುತ್ತಿತ್ತು. ಆಮೇಲೆ ಹಿಟ್ಟು ಗಂಟುಗಂಟು. ಕೈ ಸುಟ್ಟುಕೊಂಡ, ಅತ್ತ, ಮುದ್ದೆ ತಿರುವುವ ಕೋಲು ಎಸೆದ. ಶಿವಲಿಂಗಮ್ಮ ಎತ್ತಿಕೊಟ್ಟು, “ತೊಳಸ್ಲಾ” ಎಂದು ಮತ್ತೆ ಕೂರಿಸಿದಳು. ಗೌರಿಹಬ್ಬದ ಹೊತ್ತಿಗೆ ಅವನ ಕೈಯಿಂದ ಮೊದಲ ನುಣುಪು ಮುದ್ದೆ ಇಳಿದಾಗ ಅದನ್ನು ಬೀದಿಯೆಲ್ಲ ಹೊತ್ತು ತೋರಿಸಿದ. ಕೃಷ್ಣಪ್ಪ ಚಿವುಟಿ ಬಾಯಿಗೆ ಹಾಕಿಕೊಂಡು, “ನಿಮ್ಮ ದೊಡ್ಡವ್ವನಿಗಿಂತ ವಾಸಿ ಕಣ್ಲಾ” ಅಂದ. ಚಿಕ್ಕತಾಯಮ್ಮ ಗಂಡನಿಗೆ ಬೈದಳು, ಬೈಯುತ್ತಲೇ ಕಣ್ಣೊರೆಸಿಕೊಂಡಳು. ಊರು ಒಂದು ಒಳ್ಳೆಯ ಕೆಲಸ ಮಾಡಿತು ಎಂದು ಆವತ್ತು ಎಲ್ಲರಿಗೂ ಅನ್ನಿಸಿತು.

ಶಿವಲಿಂಗಮ್ಮನಿಗೆ ಅಷ್ಟು ಸಾಲದು. ತಾನು ಎದುರಿಗಿದ್ದರೆ ಮಾಡುತ್ತಾನೆ, ಇಲ್ಲದಿದ್ದರೆ? ಅದಕ್ಕೆ ಇನ್ನೊಂದು ಪಾಠ ಶುರುಮಾಡಿದಳು. ಬೆಳಿಗ್ಗೆ ಏಳದೆ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗುವುದು. “ನಾನು ಸತ್ತಂಗೆ ಮಲಗಿರ್ತೀನಿ. ಎಬ್ಬುಸ್ಬಾರ್ದು. ಯಾರ್ನೂ ಕರೀಬಾರ್ದು. ನೀನೇ ಒಲೆ ಹಚ್ಚಬೇಕು, ಉಣ್ಬೇಕು, ಕೆಲ್ಸಕ್ಕೆ ಓಗ್ಬೇಕು.”

ಮೊದಲ ಸಲ ದೀಪು ಚೀರಿಕೊಂಡು ಚಿಕ್ಕತಾಯಮ್ಮನ ಬಾಗಿಲಿಗೆ ಓಡಿಬಂದ. ಆಕೆ ಓಡಿ ಹೋಗಿ ನೋಡಿದರೆ ಶಿವಲಿಂಗಮ್ಮ ಎದ್ದು ಕೂತು ಇಬ್ಬರಿಗೂ ಬೈದಳು. “ನೀನೇ ಇಂಗೆ ಓಡಿಬಂದ್ರೆ ಅವ್ನು ಯಾವಾಗ ಕಲಿಯೋದು?” ಎರಡನೆಯ ಸಲ ಅವನು ಬಂದಾಗ ಚಿಕ್ಕತಾಯಮ್ಮ ಹೊಸಿಲು ದಾಟಲಿಲ್ಲ. ಗದರಿಸಿದಳು. “ಓಗ್ಲಾ, ನಿಮ್ಮವ್ವ ಪಾಠ ಹೇಳ್ಕೊಡ್ತಾವ್ಳೆ. ಇನ್ನೊಂದ್ಸಲ ಇಲ್ಲಿಗೆ ಬಂದ್ರೆ ಬರೆ ಹಾಕ್ತೀನಿ.” ಅವನು ಕಣ್ಣು ಪಿಳಿಪಿಳಿ ಬಿಟ್ಟು ವಾಪಸ್ಸು ಹೋದ. ಅರ್ಧ ಗಳಿಗೆಯಲ್ಲಿ ಹೆಂಚಿನ ಮೇಲೆ ಹೊಗೆ ಎದ್ದಿತು. ಗೆದ್ದೆವು ಎಂದುಕೊಂಡಳು ಚಿಕ್ಕತಾಯಮ್ಮ.

ದೀಪಾವಳಿ ಕಳೆದ ಮೇಲೆ ನಲ್ಲಿಯ ಹತ್ತಿರ ಶಿವಲಿಂಗಮ್ಮ ಸಿಕ್ಕಿದಳು. ಮುಖ ಬೂದಿ ಬಣ್ಣ.

“ನಾಳೆ ನಾಡಿದ್ದು ಎರಡು ದಿನ ಮಲಗ್ತೀನಿ ತಾಯಕ್ಕ. ಒಂದೇ ದಿನ ಆದ್ರೆ ಆಟ ಅನ್ಕತಾನೆ. ಹೊಗೆ ಕಂಡ್ರೆ ಬರ್ಬ್ಯಾಡ.”

“ಆಗ್ಲಿ ಕಣೆ. ಸತ್ತು ಎದ್ದು ಬಾ,” ಎಂದು ನಗಾಡಿದಳು ಚಿಕ್ಕತಾಯಮ್ಮ. ಆಗ ಆಡಿದ ಆ ಮಾತು ಆಮೇಲೆ ಎಷ್ಟೋ ದಿನ ಆಕೆಯ ಕಿವಿಯಲ್ಲೇ ಇತ್ತು.

ಮಾರನೆಯ ಬೆಳಿಗ್ಗೆ ವ್ಯಾನು ಬರುವ ಮೊದಲೇ ಹೊಗೆ ಎದ್ದಿತು. ಸ್ವಲ್ಪ ಹೊತ್ತಿಗೆ ದೀಪುವೇ ಬಂದ, ಮುಚ್ಚಿದ ತಟ್ಟೆ ಹಿಡಿದುಕೊಂಡು. ಒಳಗೆ ಬಿಸಿ ಮುದ್ದೆ, ಪಕ್ಕದಲ್ಲಿ ಉಪ್ಪಿನಕಾಯಿ.

“ನಿಂಗೆ ದೊಡ್ಡವ್ವ. ನಾನ್ ಮಾಡಿದ್ದು.”

ಎಷ್ಟೋ ವರ್ಷ ಇಕ್ಕಿದ ಕೈ ಇವತ್ತು ತೆಗೆದುಕೊಂಡಿತು. “ನಿಮ್ಮವ್ವ?” ಎಂದು ಕೇಳಿದಳು.

“ಸತ್ತಂಗೆ ಮಲಗವ್ಳೆ. ಒಸಿ ಗೊರಗೊರ ಅಂತಾವ್ಳೆ.”

“ಸತ್ತೋರು ಎಲ್ಲಾರ ಗೊರಕೆ ಹೊಡೀತಾರೇನ್ಲಾ? ಚೆನ್ನಾಗಿ ನಿದ್ದೆ ಮಾಡ್ತಾವ್ಳೆ ಬುಡು, ಪಾಪ. ಎಬ್ಬುಸ್ಲಿಲ್ಲ ತಾನೆ?”

“ಇಲ್ಲ.”

“ಬಲೇ ನನ್ ಮಗ.” ಆಕೆ ಅವನ ತಲೆ ಸವರಿದಳು. ಅವನು ಹಲ್ಲು ಬಿಟ್ಟು ನಕ್ಕ. ಆ ಮುದ್ದೆಯನ್ನು ಆಕೆ ಒಂದು ಚೂರೂ ಬಿಡದೆ ಉಂಡಳು.

ಎರಡನೆಯ ಬೆಳಿಗ್ಗೆಯೂ ಹೊಗೆ. ಚಿಕ್ಕತಾಯಮ್ಮನ ಮನಸ್ಸು ಯಾಕೋ ತಡೆಯಲಿಲ್ಲ. “ಒಂದು ಗಳಿಗೆ ಇಣುಕಿ ಬತ್ತೀನಿ” ಎಂದು ಹೊರಟವಳನ್ನು ಕೃಷ್ಣಪ್ಪ ತಡೆದ. “ಹೊಗೆ ಐತಲ್ಲ. ಆವಮ್ಮ ಇಷ್ಟು ದಿನ ಪಟ್ಟ ಪಾಡು ನೀನ್ಯಾಕ್ ಕೆಡುಸ್ತೀಯ? ಇವತ್ತೊಂದಿನ ಸುಮ್ಕಿರು.” ಅವನ ಮಾತು ನ್ಯಾಯವೇ ಆಗಿತ್ತು. ಜೊತೆಗೆ ಆವತ್ತು ಹುಳ ಹಣ್ಣಾಗುವ ಅಂದಾಜು, ಹುಳದ ತಟ್ಟೆಗಳ ಹತ್ತಿರದಿಂದ ಏಳಲು ಆಗಲಿಲ್ಲ. ದೀಪು ಎಂದಿನಂತೆ ಬಂದು ಸೊಪ್ಪು ಕೊಯ್ದು ಹಾಕಿ, ಯಾರ ಹತ್ತಿರವೂ ಏನೂ ಕೇಳದೆ ಮನೆಗೆ ಹೋದ.

ಮೂರನೆಯ ದಿನ ಹುಳ ಹಣ್ಣಾಗಿ ಮೈ ಹಳದಿ ಹೊಳೆಯುತ್ತಿತ್ತು. ಚಿಕ್ಕತಾಯಮ್ಮ ಪಾಯಸ ಕಾಯಿಸಿ, ಮೊದಲ ತುತ್ತು ಇಕ್ಕಲು ತಾನೇ ಬಟ್ಟಲು ಹಿಡಿದು ಹೊರಟಳು. ಪಾಠದ ಎರಡು ದಿನ ಮುಗಿದಿತ್ತಲ್ಲ, ಇನ್ನೇನು ಅಡ್ಡಿ? ಹೆಂಚಿನ ಮೇಲೆ ಹೊಗೆ ಚೆನ್ನಾಗಿಯೇ ಏಳುತ್ತಿತ್ತು. ಬಾಗಿಲು ತಳ್ಳಿದಳು.

ದೀಪು ಒಲೆಯ ಮುಂದೆ ಕೂತಿದ್ದ. ಆಕೆಯನ್ನು ಕಂಡು ತುಟಿಯ ಮೇಲೆ ಬೆರಳಿಟ್ಟ.

“ಮೆಲ್ಲುಕೆ. ಅವ್ವ ಇನ್ನೂ ಎದ್ದಿಲ್ಲ.”

ಚಾಪೆಯ ಪಕ್ಕದಲ್ಲಿ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದ. ಒಂದೊಂದರಲ್ಲೂ ಒಂದೊಂದು ಮುದ್ದೆ, ಹಳೆಯದು ಒಣಗಿ ಬಿರುಕು ಬಿಟ್ಟಿತ್ತು. ತಲೆಯ ಹತ್ತಿರ ನೀರಿನ ಚೆಂಬು. ಶಿವಲಿಂಗಮ್ಮನ ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗಿತ್ತು. ಚಿಕ್ಕತಾಯಮ್ಮ ಕಾಲು ಮುಟ್ಟಿದಳು, ತಣ್ಣಗಿತ್ತು. ಬಟ್ಟಲು ಕೈ ಜಾರಿ ಪಾಯಸ ನೆಲದ ಮೇಲೆ ಹರಿಯಿತು.

“ಯಾವಾಗ್ಲಾ ಮಾತಾಡುದ್ಲು? ಯಾವಾಗ?” ಆಕೆಯ ದನಿ ಆಕೆಗೇ ಕೇಳಿಸುತ್ತಿರಲಿಲ್ಲ.

“ನೆನ್ನೆ ಕಣ್ ಬುಟ್ಟಿದ್ಲು. ನೀರು ಕುಡುಸ್ದೆ. ತಾಯಕ್ಕ, ತಾಯಕ್ಕ ಅಂದ್ಲು.” ಅವನು ಹೊಗಳಿಕೆಗೆ ಕಾಯುವವನಂತೆ ನೋಡಿದ. “ನಾನು ನಿನ್ನ ಕರೀನಿಲ್ಲ ದೊಡ್ಡವ್ವ. ಬಂದ್ರೆ ಬರೆ ಹಾಕ್ತೀನಿ ಅಂದಿದ್ದಲ್ಲ.”

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ಬುದ್ಧಿ ಬಂದು ಏನಾಗಬೇಕಿತ್ತು? ನೆನ್ನೆ ಆಕೆ ಅಲ್ಲೇ ಇದ್ದಳು, ಒಂದೇ ಗೋಡೆಯ ಆಚೆ, ಹುಳಕ್ಕೆ ಸೊಪ್ಪು ಹಾಕುತ್ತಾ, ಆ ಹೊಗೆಯನ್ನು ನೋಡಿ ನೋಡಿ ಸಮಾಧಾನ ಪಡುತ್ತಾ. ಎದೆ ಎದೆ ಬಡಿದುಕೊಂಡು ಅತ್ತಳು. ಅವ್ವ ಯಾಕೆ ಏಳುತ್ತಿಲ್ಲ, ದೊಡ್ಡವ್ವ ಯಾಕೆ ಅಳುತ್ತಿದ್ದಾಳೆ ಎಂದು ದೀಪು ಒಬ್ಬೊಬ್ಬರ ಮುಖವನ್ನೂ ನೋಡಿದ. ಮಣ್ಣು ಮಾಡುವಾಗ ಮಾತ್ರ ಅವನಿಗೆ ಏನೋ ಹೊಳೆದಿರಬೇಕು, ಗುಂಡಿಗೆ ಇಳಿದು ಅವ್ವನ ಭುಜ ಹಿಡಿದು ಅಲ್ಲಾಡಿಸಿ ಎಬ್ಬಿಸಲು ನೋಡಿದ. ಅವನನ್ನು ಮೇಲಕ್ಕೆ ಎಳೆಯಲು ನಾಲ್ಕು ಗಂಡಾಳು ಬೇಕಾಯಿತು.

ಊರವರು ನೀರು ಸುರಿದು ಒಲೆ ಆರಿಸಿದರು. ಸಮಾಧಿಗೆ ಹಾಲುತುಪ್ಪ ಬಿಡುವ ತನಕ ಆ ಮನೆಯಲ್ಲಿ ಉರಿ ಆಗಬಾರದು, ನೆರೆಯವರು ಅನ್ನ ಕೊಡಬೇಕು. ಅದು ಪದ್ಧತಿ. ಇನ್ನು ಮೇಲೆ ಬದುಕಿರುವ ತನಕ ತಾನೇ ಇಕ್ಕುತ್ತೇನೆ, ಯಾವ ಮಾತೂ ಇಲ್ಲ ಕಟ್ಟೂ ಇಲ್ಲ ಎಂದು ಚಿಕ್ಕತಾಯಮ್ಮ ಮನಸ್ಸಿನಲ್ಲೇ ಆಣೆ ಮಾಡಿಕೊಂಡಳು. ಮಾರನೆಯ ಬೆಳಿಗ್ಗೆ ಬಿಸಿ ಅನ್ನ ಮೊಸರು ಕಲಸಿ, ತಟ್ಟೆ ಹಿಡಿದು ಹೊರಗೆ ಬಂದಳು.

ಹೆಂಚಿನ ಮೇಲೆ ಹೊಗೆ ಎದ್ದಿತ್ತು.

ಬೀದಿಯಲ್ಲಿ ಇಬ್ಬರು ಮೂವರು ನಿಂತು, ಸೂತಕದ ಮನೆಯಲ್ಲಿ ಒಲೆ ಹಚ್ಚವ್ನಲ್ಲ ಎಂದು ಗೊಣಗುತ್ತಿದ್ದರು. ಆಕೆ ಅವರನ್ನು ದಾಟಿ ಹೋಗಿ ಬಾಗಿಲು ತಟ್ಟಿದಳು. ದೀಪು ಅರ್ಧ ಬಾಗಿಲು ತೆರೆದ. ಅತ್ತು ಅತ್ತು ಕಣ್ಣು ಬಾತಿತ್ತು, ಕೈಯಲ್ಲಿ ಹಿಟ್ಟು ಮೆತ್ತಿತ್ತು.

“ತಕ್ಕೊಳ್ಳಪ್ಪ. ಉಣ್ಣು ನನ್ ಕಂದ.”

ಅವನು ತಟ್ಟೆಯನ್ನು ನೋಡಿದ. ಆಮೇಲೆ ಆಕೆಯ ಮುಖ ನೋಡಿದ.

“ಹೊಗೆ ಐತಲ್ಲ ದೊಡ್ಡವ್ವ,” ಅಂದ. “ಯಾಕ್ ಬಂದೆ? ಅವ್ವ ಬೈತಾಳೆ.”

ಮೆಲ್ಲಗೆ ಬಾಗಿಲು ಹಾಕಿಕೊಂಡ. ಒಳಗೆ ಮಡಕೆಯಲ್ಲಿ ಕೋಲು ತಿರುಗುವ ಸದ್ದು ಶುರುವಾಯಿತು. ಚಿಕ್ಕತಾಯಮ್ಮ ತಟ್ಟೆ ಹಿಡಿದುಕೊಂಡು ಹೊಸಿಲ ಆಚೆ ನಿಂತೇ ಇದ್ದಳು.