ಅರೆನಾಲ್ ಯಾಕೆ ಸೋಲುತ್ತಿತ್ತು: ತಿದ್ದಿದ ಪ್ರತಿ

ಸೋಲಿನಿಂದ ಶುರು ಮಾಡಲೇ? ಮಾಡಬಹುದು. ಆದರೆ ಯಾವ ಸೋಲಿನಿಂದ? ಆ ವರ್ಷ ನಮ್ಮೂರಿನಲ್ಲಿ ಕಿತ್ತಳೆ ಹಣ್ಣು ಬಿಟ್ಟರೆ ಧಾರಾಳವಾಗಿ ಸಿಕ್ಕಿದ್ದು ಅದೊಂದೇ.

ಮೊದಲ ಪ್ರತಿಯನ್ನು ನದಿಯಿಂದ ಶುರು ಮಾಡಿದ್ದೆ. "ಉರುಗ್ವೆ ನದಿ ಮಂದವಾಗಿ ಹರಿಯುತ್ತಿತ್ತು" ಎಂದು ಬರೆದು, ಓದಿ, ನನಗೇ ಆಕಳಿಕೆ ಬಂತು. ನದಿ ಹರಿಯದೆ ಇನ್ನೇನು ಮಾಡುತ್ತದೆ? ಹಾಳೆಯನ್ನೂ ಹರಿದೆ.

ಎರಡನೆಯದು ಕುದುರೆಯ ತಲೆಬುರುಡೆಯಿಂದ ಶುರುವಾಗಿತ್ತು. ಅದನ್ನು ಆಮೇಲೆ ಹೇಳುತ್ತೇನೆ. ಇದು ಮೂರನೆಯ ಪ್ರತಿ. (ಸುಳ್ಳು. ಎಷ್ಟನೆಯದೋ ಲೆಕ್ಕ ತಪ್ಪಿದೆ.)

ನಾನು ಸುಲ್ಮಾ. ವಾರದ ದಿನಗಳಲ್ಲಿ ಪುರಸಭೆಯ ಲೈಬ್ರರಿ ನೋಡಿಕೊಳ್ಳುತ್ತೇನೆ. ಭಾನುವಾರ ಊರಿನ ರೇಡಿಯೋದಲ್ಲಿ ಅರೆನಾಲ್ ಫುಟ್‌ಬಾಲ್ ಕ್ಲಬ್ಬಿನ ಆಟದ ವರದಿ ಓದುತ್ತೇನೆ. ಲೈಬ್ರರಿಗೆ ಬರುವವರು ಕಡಿಮೆ. ರೇಡಿಯೋ ಕೇಳುವವರು ಎಷ್ಟು ಜನವೋ ಗೊತ್ತಿಲ್ಲ, ಮೈಕು ತಿರುಗಿ ಮಾತಾಡುವುದಿಲ್ಲವಲ್ಲ.

೧.

(ಅಂಕಿ ಹಾಕಿದರೆ ಕಥೆಗೆ ಒಂದು ಶಿಸ್ತು ಇರುವಂತೆ ಕಾಣುತ್ತದೆ. ಎಲ್ಲಿಯವರೆಗೆ ಬರುತ್ತದೋ ನೋಡೋಣ.)

ಮೊದಲರ್ಧದಲ್ಲಿ ನಮ್ಮವರು ಚೆನ್ನಾಗಿಯೇ ಆಡುತ್ತಿದ್ದರು. ಪಾಸುಗಳು ಸರಿಯಾಗಿ ಸೇರುತ್ತಿದ್ದವು, ಒಮ್ಮೊಮ್ಮೆ ಗೋಲೂ ಆಗುತ್ತಿತ್ತು. ವಿರಾಮ ಮುಗಿಸಿ ಬಂದರೆ ಮಾತ್ರ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಎದುರು ತಂಡದವನು ಪಕ್ಕದಲ್ಲೇ ಚೆಂಡು ಹೊಡೆದುಕೊಂಡು ಹೋಗುತ್ತಿದ್ದರೆ, ಬಸ್ಸು ತಪ್ಪಿದವರಂತೆ ನೋಡುತ್ತ ನಿಲ್ಲುತ್ತಿದ್ದರು.

ಕಾರಣ ಹೇಳುವವರಿಗೇನು ಬರ? ಔಷಧಿ ಅಂಗಡಿಯವನು ರಕ್ತದಲ್ಲಿ ಕಬ್ಬಿಣ ಕಡಿಮೆ ಎಂದ. ಕ್ಷೌರಿಕ ಬಿಯರ್ ಜಾಸ್ತಿ ಎಂದ. ಸಕ್ಕರೆ ಕಾರ್ಖಾನೆ ತಂಡದವರು ನಮ್ಮ ಗೋಲಿನ ಹಿಂದೆ ಕುದುರೆಯ ತಲೆಬುರುಡೆ ಹೂತು ಮಾಟ ಮಾಡಿಸಿದ್ದಾರೆ ಎಂದು ಯಾರೋ ಹಬ್ಬಿಸಿದರು. ಕ್ಲಬ್ಬಿನ ಅಧ್ಯಕ್ಷೆ ದೋನ್ಯ ಇರ್ಮಾ ಮಾಂಸದಂಗಡಿಯ ಒಡತಿ, ಮಾಟಮಂತ್ರಕ್ಕೆಲ್ಲ ಹೆದರುವವಳಲ್ಲ. ಆದರೂ ಒಂದು ಬೆಳಿಗ್ಗೆ ತಾನೇ ಗುದ್ದಲಿ ಹಿಡಿದು ಅಗೆದಳು. ಸಿಕ್ಕಿದ್ದು ಯಾರದೋ ಹಲ್ಲಿನ ಸೆಟ್ಟು.

ಆಮೇಲೆ ಅವಳು ಲೈಬ್ರರಿಗೆ ಬಂದಳು. ಏಪ್ರನ್ ಕೂಡ ಬಿಚ್ಚಿರಲಿಲ್ಲ.

"ನೋಡು ಸುಲ್ಮಾ, ಕೊನೇ ಆಟ ಒಂದು ಬಾಕಿ ಇದೆ. ಅದನ್ನೂ ಸೋತ್ರೆ ಕೆಳಗಿನ ದರ್ಜೆಗೆ ಬೀಳ್ತೀವಿ. ಬಿದ್ರೆ ನೇರಿನ ಅವತ್ತೇ ಮನೆಗೆ ಕಳಿಸ್ತೀನಿ."

"ಅಷ್ಟು ವರ್ಷದಿಂದ ಇರೋ ಕೋಚು, ಇರ್ಮಾ!"

"ಇದ್ರೆ? ಹಳೇ ಚಾಕು ಅಂತ ಮೊಂಡು ಚಾಕು ಇಟ್ಕೊಳಕ್ಕಾಗತ್ತಾ? ನೀನು ರೇಡಿಯೋಗೆ ಅಂತ ಹೇಳಿ ಅವನ ಮನೆಗೆ ಹೋಗು. ಏನ್ ನಡೀತಿದೆ, ಕೇಳ್ಕೊಂಡ್ ಬಾ. ನನ್ನ ಹತ್ರ ಅವನು ಬಾಯೇ ಬಿಡಲ್ಲ."

೨.

ನೇರಿ ಪೆರ್ದೋಮೊ ಅವರನ್ನು ಆಟಗಾರರೆಲ್ಲ ಮೇಷ್ಟ್ರು ಎನ್ನುತ್ತಾರೆ. ಹಿಂದಿನ ಬೇಸಿಗೆಯಲ್ಲಿ ಅವರ ಹೆಂಡತಿ ಅಮಾಬೆಲ್ ತೀರಿಕೊಂಡಿದ್ದರು. ಮಕ್ಕಳಿಲ್ಲ. ನಾನು ಹೋದಾಗ ಬಾಗಿಲು ತೆರೆದು, ಬಹಳ ಹೊತ್ತಿನಿಂದ ಕಾಯುತ್ತಿದ್ದವರಂತೆ ಒಳಗೆ ಕರೆದರು. (ನಾನು ಬರುವುದಾಗಿ ಹೇಳಿಯೇ ಇರಲಿಲ್ಲ.)

ಕುಡಿಯಲು ಮಾತೆ ಕಷಾಯ ಸಿದ್ಧ ಮಾಡಿದರು. ಸೋರೆ ಬುರುಡೆಗೆ ಸೊಪ್ಪು ತುಂಬಿ, ಬಿಸಿನೀರು ಹೊಯ್ದು, ಹೀರುವ ಕೊಳವೆಯಿಟ್ಟು ನನ್ನ ಕೈಗೆ ಕೊಟ್ಟರು. ನಾನು ಸೋಲಿನ ಬಗ್ಗೆ ಕೇಳಿದೆ. ಅವರು ಗಾಳಿಯ ಬಗ್ಗೆ, ಹುಲ್ಲಿನ ಬಗ್ಗೆ, ರೆಫರಿಯ ಅತ್ತೆಮನೆಯ ಬಗ್ಗೆ ಹೇಳಿದರು. ಬುರುಡೆ ನಮ್ಮಿಬ್ಬರ ನಡುವೆ ಹೋಗಿ ಬಂದು ಮಾಡಿತು. ಸೊಪ್ಪಿನ ಕಹಿಯೆಲ್ಲ ತೊಳೆದುಹೋಗಿ ಬರೀ ಬಿಸಿನೀರಿನ ರುಚಿ ಬರತೊಡಗಿದಾಗ ಬುರುಡೆ ಹಿಂದಕ್ಕೆ ಕೊಟ್ಟು "ಥ್ಯಾಂಕ್ಸ್ ಮೇಷ್ಟ್ರೇ" ಎಂದೆ.

ನಮ್ಮಲ್ಲಿ ಮಾತೆ ಕುಡಿಯುವಾಗ ಥ್ಯಾಂಕ್ಸ್ ಎಂದರೆ ಇನ್ನು ಸಾಕು ಎಂದರ್ಥ. ಹಾಲು ಕುಡಿಯುವ ಮಕ್ಕಳಿಗೂ ಇದು ಗೊತ್ತು. ನೇರಿ ಮತ್ತೆ ನೀರು ಹೊಯ್ದು ನನ್ನ ಮುಂದೆ ಹಿಡಿದರು.

"ಇನ್ನೊಂದ್ ಸಲ."

ಕುಡಿದೆ. ಮತ್ತೆ ಥ್ಯಾಂಕ್ಸ್ ಎಂದೆ. ಅವರು ಎದ್ದು ಕೆಟಲ್ ಒಲೆಗಿಟ್ಟರು. "ಅಯ್ಯೋ, ಈಗ ತಾನೆ ಬಂದಿದೀಯ. ಇನ್ನೊಂದ್ ಸಲ, ಅಷ್ಟೆ."

ಆ ಮಾತನ್ನು ನಾನು ಮೊದಲೂ ಕೇಳಿದ್ದೆ. ಲೈಬ್ರರಿಯ ಹಿಂಬದಿಯ ಕಿಟಕಿ ಮೈದಾನದ ಕಡೆಗಿದೆ. ಆ ವರ್ಷ ಪೂರ್ತಿ, ಸಂಜೆ ನಾನು ಬೀಗ ಹಾಕುವಾಗ, ಮೈದಾನದಿಂದ ಅದೇ ಸದ್ದು: ಇನ್ನೊಂದ್ ಕಾರ್ನರ್, ಇನ್ನೊಂದ್ ಸುತ್ತು, ಇನ್ನೊಂದ್ ಸಲ. ಅಮಾಬೆಲ್ ಇದ್ದಾಗ ನೇರಿ ಸೂರ್ಯ ನೀಲಗಿರಿ ಮರಗಳ ಹಿಂದೆ ಸರಿಯುವ ಮೊದಲೇ ಸೀಟಿ ಊದಿ ಸೈಕಲ್ ಹತ್ತುತ್ತಿದ್ದರು. ತಡವಾದರೆ ಸೂಪು ಆರುತ್ತದೆ, ಬೈಗುಳ ಬಿಸಿಯಾಗುತ್ತದೆ ಎನ್ನುತ್ತಿದ್ದರು. ಈಗ ಚೆಂಡು ಕಾಣದಷ್ಟು ಕತ್ತಲಾದರೂ ಬಿಡುತ್ತಿರಲಿಲ್ಲ. ಆಟದ ಹಿಂದಿನ ದಿನವೂ ಬಿಡುತ್ತಿರಲಿಲ್ಲ.

ಅರೆನಾಲ್ ಯಾಕೆ ಸೋಲುತ್ತಿತ್ತು ಎಂದು ನನಗೆ ಗೊತ್ತಾಗಿದ್ದು ಹೀಗೆ, ಬಣ್ಣ ಬಿಟ್ಟ ನೀರು ಕುಡಿಯುತ್ತ.

(ಇಲ್ಲಿ ಒಂದು ದೊಡ್ಡ ವಾಕ್ಯ ಬರೆದಿದ್ದೆ, ಒಂಟಿತನದ ಮೇಲೆ. ಹೊಡೆದುಹಾಕಿದ್ದೇನೆ. ನೀವೇ ಬರೆದುಕೊಳ್ಳಿ, ನಿಮ್ಮ ಹತ್ತಿರವೂ ಇರುತ್ತದೆ.)

೩.

ತಂಡದ ಕ್ಯಾಪ್ಟನ್ ದಾರ್ದೊ ಬೆಂತೋಸ್ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸಗಾರ. ಬೆಳಕು ಹರಿಯುವ ಮೊದಲೇ ಪಾಳಿ. ನಾನು ಮಿಲ್ಲಿಗೆ ಹೋಗಿ, ಏನೋ ಮಹಾ ಶೋಧ ಮಾಡಿದವಳಂತೆ, ಎಲ್ಲವನ್ನೂ ಅವನಿಗೆ ಒಪ್ಪಿಸಿದೆ. ಅವನು ಕೂದಲಲ್ಲಿದ್ದ ಮರದ ಹೊಟ್ಟು ಕೊಡವಿಕೊಳ್ಳುತ್ತ ಕೇಳಿಸಿಕೊಂಡ.

"ಇದು ಈಗ ಗೊತ್ತಾಯ್ತಾ ನಿಂಗೆ?"

"ಅಂದ್ರೆ? ನಿನಗೆ ಗೊತ್ತಿತ್ತಾ?"

"ನನಗೆ, ಗೋಲ್‌ಕೀಪರಿಗೆ, ಬೆಂಚಲ್ಲಿ ಕೂರೋರಿಗೆ, ಎಲ್ರಿಗೂ ಗೊತ್ತು. ಮಧ್ಯಾಹ್ನದಲ್ಲಿ ನಿದ್ದೆ ಮಾಡ್ಕೊಂಡ್ ನೋಡಿದ್ವಿ, ಆಗ್ಲಿಲ್ಲ."

"ಮತ್ತೆ ಹೇಳಕ್ಕೇನಾಗಿತ್ತು ಮಾರಾಯ? ಊರೆಲ್ಲ ನಿಮಗೆ ಉಗೀತಿದೆ!"

"ಉಗೀಲಿ ಬಿಡು, ಒರೆಸ್ಕೋಬಹುದು. ಅವರನ್ನ ಆ ಮನೆಗೆ ಕಳ್ಸೋದು ಯಾರು? ನೀನು ಕಳಿಸ್ತೀಯಾ?"

ಒಂದಿಡೀ ತಂಡ ತಿಳಿದೂ ತಿಳಿದೂ ಸೋಲುತ್ತಿತ್ತು. ಒಬ್ಬ ಮನುಷ್ಯ ಮನೆಗೆ ತಡವಾಗಿ ಹೋಗಲಿ ಎಂದು.

ದೋನ್ಯ ಇರ್ಮಾಳ ಮಾತನ್ನು ಅವನಿಗೆ ಹೇಳಿದೆ. ಕೊನೆಯ ಆಟ ಸೋತರೆ ನೇರಿ ಕೋಚ್ ಆಗಿರುವುದಿಲ್ಲ. ಆಗ ಸಂಜೆಗಳಿಗೆ ಮೈದಾನವೂ ಇರುವುದಿಲ್ಲ. ದಾರ್ದೊ ಹೊಟ್ಟು ಕೊಡವುವುದನ್ನು ನಿಲ್ಲಿಸಿದ.

"ಥೂ," ಎಂದ. "ಹೇಳ್ಲೇಬೇಕಾಯ್ತಲ್ಲ."

(ಅಂಕಿಗಳು ಇಲ್ಲಿಗೆ ಸಾಕು. ಮುಂದಿನದು ಒಂದೇ ಉಸಿರಿನಲ್ಲಿ ನಡೆದದ್ದು.)

ಮಾರನೆಯ ಸಂಜೆ ನಾನು ಲೈಬ್ರರಿಯನ್ನು ಬೇಗ ಮುಚ್ಚಿ ಮೈದಾನದ ಬೇಲಿಯ ಹತ್ತಿರ ನಿಂತೆ. ಕತ್ತಲಾಗುತ್ತಿತ್ತು. ನೇರಿ ಕಾರ್ನರಿಗೆ ಚೆಂಡು ಇಡುತ್ತಿದ್ದರು. ದಾರ್ದೊ ಹೋಗಿ ಆ ಚೆಂಡನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ.

"ಇವತ್ತಿಗೆ ಸಾಕು ಮೇಷ್ಟ್ರೇ."

"ಇನ್ನೊಂದ್ ಕಾರ್ನರ್ ದಾರ್ದೊ. ಎಡಗಡೆಯಿಂದ ಸರಿಯಾಗ್ ಬರ್ತಿಲ್ಲ."

"ಎಡಗಡೆಯಿಂದ ಸರಿಯಾಗೇ ಬರ್ತಿದೆ. ಹುಡುಗ್ರು ಸುಸ್ತಾಗಿದಾರೆ. ವರ್ಷ ಪೂರ್ತಿ ಸುಸ್ತಾಗಿದಾರೆ. ಅದಕ್ಕೇ ಸೋಲ್ತಿದೀವಿ."

ನೇರಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಯಾರೂ ಎದುರು ನೋಡಲಿಲ್ಲ, ಎಲ್ಲರಿಗೂ ಅದೇ ಹೊತ್ತಿಗೆ ಬೂಟಿನ ದಾರ ಬಿಚ್ಚಿಕೊಂಡಿತ್ತು.

"ಅಂದ್ರೆ ನನ್ನಿಂದ."

ದಾರ್ದೊ ಚೆಂಡನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದ.

"ಮೊದ್ಲೇ ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಮನೆಗೆ ಹೋಗ್ಬೇಕಾಗಿತ್ತಲ್ಲ ಮೇಷ್ಟ್ರೇ."

ನೇರಿ ಸೀಟಿ ಬಾಯಿಗಿಟ್ಟು ಊದಿದರು. ಸೀಟಿ ಊದಿದ ಮೇಲೂ ಯಾರೂ ಕದಲಲಿಲ್ಲ. ಮೊದಲು ಹೊರಡುವವರು ಯಾರಾಗಬೇಕೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ನೇರಿಯೇ ಹೊರಟರು, ಸೈಕಲ್ ತಳ್ಳಿಕೊಂಡು, ಹತ್ತದೆ.

ಈ ಭಾಗವನ್ನು ಮೊದಲ ಸಲ ಓದಿ ಹೇಳಿದಾಗ ನೇರಿಗೆ ಸಿಟ್ಟು ಬಂತು. ಆ ಪ್ರತಿಯಲ್ಲಿ ಅವರ ಕಣ್ಣಲ್ಲಿ ನೀರು ಬಂತೆಂದು ಬರೆದಿದ್ದೆ.

"ನಾನೆಲ್ಲಿ ಅತ್ತೆ? ಕಣ್ಣಿಗೆ ಮರಳು ಬಿತ್ತು ಅಂತ ಬರಿ."

"ಅವತ್ತು ಗಾಳಿಯೇ ಇರ್ಲಿಲ್ಲ ಮೇಷ್ಟ್ರೇ."

"ಹಾಗಾದ್ರೆ ಗಾಳಿ ಬೀಸ್ಸು. ಬರೆಯೋಳು ನೀನು ತಾನೆ? ಒಂದಿಷ್ಟು ಗಾಳಿ ಬೀಸ್ಸಕ್ಕಾಗಲ್ವಾ ನಿನ್ ಕೈಲಿ?"

(ಆಗಲಿ. ಆ ಸಂಜೆ ನದಿಯ ಕಡೆಯಿಂದ ಜೋರು ಗಾಳಿ ಬೀಸುತ್ತಿತ್ತು, ಮರಳು ಹಾರುತ್ತಿತ್ತು.)

ಆ ವಾರವಿಡೀ ಅಭ್ಯಾಸ ಬೆಳಕಿರುವಾಗಲೇ ಮುಗಿಯಿತು. ಭಾನುವಾರ, ಸಕ್ಕರೆ ಕಾರ್ಖಾನೆಯವರ ಎದುರು, ವಿರಾಮದ ಹೊತ್ತಿಗೆ ನಾವು ಹಿಂದಿದ್ದೆವು. ದ್ವಿತೀಯಾರ್ಧದಲ್ಲಿ ನಮ್ಮವರು ಓಡಿದರು! ಇಡೀ ವರ್ಷ ಕೂಡಿಟ್ಟಿದ್ದನ್ನು ಖರ್ಚು ಮಾಡುವವರ ಹಾಗೆ. ದಾರ್ದೊ ಹಿಂದಿನಿಂದ ಬಂದು ಕಾರ್ನರಿಗೆ ತಲೆ ಕೊಟ್ಟು ಸಮ ಮಾಡಿದ. ಮುಗಿಯುವ ಮುಂಚೆ ಇನ್ನೊಂದು ಗೋಲು ಬಂತು. ನಾನು ಮೈಕಿನಲ್ಲಿ ಏನು ಕೂಗಿದೆನೋ ಗೊತ್ತಿಲ್ಲ. ದೋನ್ಯ ಇರ್ಮಾ ರೆಫರಿಗೇ ಮುತ್ತು ಕೊಟ್ಟಳು.

ಅಂತ್ಯ, ನೇರಿಯವರು ಕೇಳಿದ್ದು: ಗೆಲುವಿಗೆ ನಿಲ್ಲಿಸು. ಆಟಗಾರರು ನನ್ನನ್ನು ಹೆಗಲ ಮೇಲೆ ಹೊತ್ತರಲ್ಲ, ಅಲ್ಲಿಗೇ ಚುಕ್ಕಿ ಇಡು.

ಹೊತ್ತದ್ದು ನಿಜ. ಆದರೆ ಇಳಿಸಿದ ಮೇಲೆ ನಾನು ಪಕ್ಕದಲ್ಲೇ ಇದ್ದೆ. ಅವರು ದಾರ್ದೊನ ತೋಳು ಹಿಡಿದು ಕೇಳಿದರು: "ನಾಳೆ ಎಷ್ಟೊತ್ತಿಗ್ ಬರ್ತೀರಾ?" ದಾರ್ದೊ ನನ್ನ ಮುಖ ನೋಡಿದ. ಆ ವರ್ಷದ ಆಟಗಳೆಲ್ಲ ಮುಗಿದಿದ್ದವು. ಬೇಸಿಗೆ ಕಳೆಯುವವರೆಗೆ ಅಭ್ಯಾಸವೇ ಇರಲಿಲ್ಲ.

ಅಂತ್ಯ, ದಾರ್ದೊ ಕೇಳಿದ್ದು: ಮೇಷ್ಟ್ರ ಮನೆಯಲ್ಲಿ ಎಲ್ಲರೂ ಊಟ ಮಾಡಿದ್ದನ್ನು ಕಥೆಗೆ ಹಾಕು. ಜನಕ್ಕೆ ಇಷ್ಟವಾಗುತ್ತೆ.

ಅದೂ ನಡೆದಿದೆ. ಇರ್ಮಾ ಪಕ್ಕೆಲುಬಿನ ಮಾಂಸ ಕಳಿಸಿದಳು. ತಂಡವೆಲ್ಲ ನೇರಿಯ ಹಿತ್ತಿಲಿನಲ್ಲಿ ಕೆಂಡ ಹಾಕಿ ಸುಟ್ಟು ತಿಂದಿತು. ಮಾಂಸ ಮುಗಿದ ಮೇಲೆ ಮಾತೂ ಮುಗಿಯಿತು. ಚೆಂಡಿಲ್ಲದೆ ಒಬ್ಬರ ಮುಂದೆ ಒಬ್ಬರು ಹೇಗಿರಬೇಕೆಂದು ಅವರು ಯಾರೂ ಕಲಿತಿರಲಿಲ್ಲ. ಒಬ್ಬ ಪ್ಲೇಟು ತೊಳೆದ. ಇನ್ನೊಬ್ಬ ತೊಳೆದದ್ದನ್ನೇ ಮತ್ತೆ ತೊಳೆದ. ಆಗ ನೇರಿ ಎದ್ದು ನಿಂತು, "ನಡೀರಿ ನಡೀರಿ, ನಾಳೆ ಕೆಲ್ಸ ಇದೆ ನಿಮಗೆಲ್ಲ" ಎಂದರು. ಗೇಟಿನವರೆಗೆ ಬಂದರು. ಎಲ್ಲರೂ ತಿರುವು ದಾಟುವವರೆಗೂ ದೀಪ ಆರಿಸಲಿಲ್ಲ.

"ಇದನ್ನೆಲ್ಲ ಹಾಕ್ಬೇಡ," ಎಂದ ದಾರ್ದೊ. "ನಾವು ಪಾಪಿಗಳ ಥರ ಕಾಣ್ತೀವಿ."

"ನೀವೇನೂ ತಪ್ಪು ಮಾಡ್ಲಿಲ್ವಲ್ಲೋ."

"ಅದೇ ಮತ್ತೆ. ತಪ್ಪು ಮಾಡಿದ್ರೆ ಸರಿ ಮಾಡ್ಬಹುದಿತ್ತು."

ನನ್ನ ಬಳಿ ಇದಕ್ಕೆ ಅಂತ್ಯವಿಲ್ಲ. ಇರುವುದು ಗುರುವಾರ.

ಗುರುವಾರ ಲೈಬ್ರರಿಗೆ ಅರ್ಧ ದಿನ ರಜೆ. ಕಥೆಯ ಪ್ರತಿ ಹಿಡಿದು ನೇರಿಯ ಮನೆಗೆ ಹೋಗುತ್ತೇನೆ. ಅವರು ಮಾತೆ ಮಾಡುತ್ತಾರೆ, ನಾನು ಓದುತ್ತೇನೆ. ಓದಿ ಮುಗಿಸಿದ ಕೂಡಲೇ ಒಂದು ತಪ್ಪು ತೆಗೆಯುತ್ತಾರೆ. ಒಮ್ಮೆ ಅಮಾಬೆಲ್ ಅವರ ಕೋಟಿನ ಬಣ್ಣ ತಪ್ಪಾಗಿತ್ತು. ಒಮ್ಮೆ ಸೈಕಲ್ಲಿನ ಬೆಲ್ಲು. "ಇದನ್ನ ಸರಿ ಮಾಡಿ ಮುಂದಿನ ವಾರ ತಂದ್ ಓದು," ಎನ್ನುತ್ತಾರೆ. ಮುಂದಿನ ವಾರ ಸರಿ ಮಾಡಿ ಓದಿದರೆ, ಹಿಂದೆ ಒಪ್ಪಿದ್ದ ಇನ್ನೊಂದು ಜಾಗ ತಪ್ಪಾಗಿರುತ್ತದೆ. ಅಮಾಬೆಲ್‌ಗೆ ಹಸಿರು ಕೋಟಿತ್ತೋ ಕಂದು ಕೋಟಿತ್ತೋ ನನಗೆ ಇನ್ನೂ ಗೊತ್ತಿಲ್ಲ.

ಮೊದಮೊದಲು ನನಗೆ ರೇಗುತ್ತಿತ್ತು. ಎಲ್ಲ ಸರಿಯಿದೆಯಲ್ಲ, ಮುಗಿಸಿಬಿಡುತ್ತೇನೆ ಎಂದು ಒಂದು ಗುರುವಾರ ಹಟ ಮಾಡಿ ಹೋಗಲಿಲ್ಲ. ಆ ಮಧ್ಯಾಹ್ನ ನನ್ನ ಮನೆಯಲ್ಲಿ ಒಬ್ಬಳೇ ಮಾತೆ ಮಾಡಿಕೊಂಡು ಕೂತೆ. ಸೊಪ್ಪು ಸಪ್ಪಗಾಯಿತು. ಸಾಕು ಎನ್ನಲು ಎದುರಿಗೆ ಯಾರೂ ಇರಲಿಲ್ಲ. ಕುಡಿಯುತ್ತಲೇ ಇದ್ದೆ.

ಆಮೇಲಿನ ವಾರ ಹೋದೆ. ಅವರು ಎಲ್ಲಿ ಹೋಗಿದ್ದೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹಾಗಾಗಿ ಓದುಗರೇ, ಇದು ಕೊನೆಯ ಪ್ರತಿಯಲ್ಲ. ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ. ಇದರಲ್ಲಿಯೂ ಒಂದು ತಪ್ಪಿದೆ, ಈ ಸಲ ನಾನೇ ಬೇಕೆಂದು ಇಟ್ಟದ್ದು, ಸ್ವಲ್ಪ ಹುಡುಕಿದರೆ ಸಿಗುವಂಥದ್ದು. ಎಲ್ಲಿದೆ ಎಂದು ನಿಮಗೆ ಹೇಳುವುದಿಲ್ಲ. ಗುರುವಾರ ಅವರೇ ಕಂಡುಹಿಡಿಯಲಿ.